ರಾಚಮ್ಮನಿಗೆ ಬಂದ ಫೋನು

ಗುಂಡ್ಲುಪೇಟೆಯ ಆ ಬೀದಿಯಲ್ಲಿ ಫೋನು ಇದ್ದದ್ದು ನಿವೃತ್ತ ಶಿರಸ್ತೇದಾರ ಗುರುಪಾದಸ್ವಾಮಿಯವರ ಮನೆಯಲ್ಲಿ ಮಾತ್ರ. ನೆರೆಯವರಿಗೆ ಕರೆ ಬಂದರೆ ಅವರು ಹಿತ್ತಿಲ ಗೋಡೆಯ ಮೇಲಿಂದ ಕೂಗುತ್ತಿದ್ದರು. ಕೂಗಿಸಿಕೊಂಡವರು ಚಪ್ಪಲಿ ಬಿಟ್ಟು ಒಳಬಂದು, ನಿಂತೇ ಮಾತಾಡಿ ಹೋಗುವುದು ವಾಡಿಕೆ.

೧೯೯೯ರ ಬೇಸಿಗೆಯಲ್ಲಿ ಯಾರಿಗೂ ಬೇಡದ ಕರೆಯೊಂದು ಬರತೊಡಗಿತು. ಊಟ ಮುಗಿದು ಜೊಂಪು ಹತ್ತುವ ಹೊತ್ತಿಗೆ ಗಂಟೆ. ಎತ್ತಿದರೆ ಟೇಪಿನಲ್ಲಿ ಹಿಡಿದಿಟ್ಟ ಹೆಣ್ಣುದನಿ: "ನಮಸ್ಕಾರ. ತಮ್ಮ ಅಡುಗೆಮನೆಗೊಂದು ಹೊಸ ಮಿಕ್ಸಿ..." ಬೈದರೆ ಅದು ನಿಲ್ಲದು, ನೋಯದು. ಉಸಿರಿಲ್ಲದ ಆ ಸೌಜನ್ಯ ಗುರುಪಾದಸ್ವಾಮಿಯವರನ್ನು ಕೆರಳಿಸುತ್ತಿತ್ತು.

ಹಿಂದಿನ ಮನೆಯ ರಾಚಮ್ಮ ಆಗ ಪ್ರತಿ ಗಂಟೆಗೂ ಕಿವಿಗೊಟ್ಟಿದ್ದಳು. ಮಗಳು ಸುಧಾಮಣಿ ಹೆರಿಗೆಗೆಂದು ಚಾಮರಾಜನಗರದ ಒಂದು ನರ್ಸಿಂಗ್ ಹೋಮ್ ಸೇರಿದ್ದಳು. ನೋವು ಕಾಣಿಸಿಕೊಂಡ ಕೂಡಲೇ ಫೋನು ಮಾಡಿಸುತ್ತೇನೆಂದು ಅಳಿಯ ಶಿವಮಲ್ಲು ಹೇಳಿಹೋಗಿದ್ದ.

ಒಂದು ಮಧ್ಯಾಹ್ನ ಇಸ್ಪೀಟಿನ ಗೆಳೆಯರ ಎದುರು ಗುರುಪಾದಸ್ವಾಮಿಯವರು ಯಂತ್ರದ ಕರೆಗೇ ಅವಳನ್ನು ಕೂಗಿದರು. ಸೋಪಿನ ಕೈಯಲ್ಲೇ ಓಡಿಬಂದ ರಾಚಮ್ಮ ರಿಸೀವರನ್ನು ಎರಡೂ ಕೈಗಳಲ್ಲಿ ಹಿಡಿದು, "ಊ ಕಣವ್ವ, ಯೋಳಿ, ನಮ್ ಸುದಾ ಎಂಗವ್ಳೆ?" ಎಂದು ಮಿಕ್ಸಿಯನ್ನು ಕೇಳಿದಳು. ಗೆಳೆಯರು ಎಲೆ ಕೆಳಗಿಟ್ಟು ನಕ್ಕರು.

"ಅದು ಮಿಸನ್ನು ಕಣಮ್ಮ. ಬಯ್ಯಿ, ನಾಚ್ಕೊಬ್ಯಾಡ," ಎಂದರು ಗುರುಪಾದಸ್ವಾಮಿ, ಕಣ್ಣೊರೆಸಿಕೊಳ್ಳುತ್ತ.

ಅವಳು ಬೈದಳು. ಆ ಬಾಯಿಗೆ ಬೀದಿಯಲ್ಲಿ ಹೆಸರಿತ್ತು. ಮಾರನೆಯ ದಿನದಿಂದ ಅದೇ ಆಟವಾಯಿತು. ಬೈದು ಮುಗಿಸಿದರೆ ಮನೆಯೊಡತಿ ಮಂಗಳಗೌರಿ ಕಾಫಿ ಕೊಡುತ್ತಿದ್ದರು. ಯಾವ ಗಂಟೆ ತನ್ನದೋ ಎಂಬ ಅಂಜಿಕೆಯಿಂದ ರಾಚಮ್ಮ ಪ್ರತಿಸಲವೂ ಬರುತ್ತಿದ್ದಳು.

ಒಂದು ಶುಕ್ರವಾರ ಗುರುಪಾದಸ್ವಾಮಿಯವರು ಫೋನೆತ್ತಿದಾಗ ಕೇಳಿದ್ದು ಬೇರೊಂದು ಹೆಣ್ಣುದನಿ. "ನಮಸ್ಕಾರ. ನರ್ಸಿಂಗ್ ಹೋಮಿನಿಂದ. ರಾಚಮ್ಮನವರನ್ನು ಕರೆಯುತ್ತೀರಾ?"

ಯಂತ್ರ ಯಾರ ಹೆಸರನ್ನೂ ಕೇಳುವುದಿಲ್ಲವೆಂದು ಗುರುಪಾದಸ್ವಾಮಿಯವರಿಗೆ ಗೊತ್ತಿತ್ತು. ಆದರೆ ಎದುರಿಗೆ ಗೆಳೆಯ ಗುರುಮಲ್ಲಯ್ಯ ಕುಳಿತಿದ್ದರು. ರಾಚಮ್ಮನ ಬಾಯಿ ಕೇಳಲೆಂದೇ ಬೇಗೂರಿನಿಂದ ಬಂದವರು. ಗುರುಪಾದಸ್ವಾಮಿಯವರು ಗೋಡೆಯ ಬಳಿ ಹೋಗಿ ಕೂಗಿದರು. ಬಂದವಳ ಕೈಗೆ ಏನೂ ಹೇಳದೆ ರಿಸೀವರ್ ಕೊಟ್ಟರು.

"ನಮಸ್ಕಾರ" ಎಂಬುದನ್ನಷ್ಟೇ ರಾಚಮ್ಮ ಕೇಳಿಸಿಕೊಂಡಳು.

"ನಿನ್ ನಮಸ್ಕಾರಕ್ಕೆ ಬೆಂಕಿ ಆಕ. ಗಂಡ ಮಕ್ಳು ಇಲ್ವೇನಮ್ಮಿ ನಿಂಗೆ? ನಿನ್ ಒಟ್ಟೆ ಸೇದೋಗ." ರಿಸೀವರ್ ಕುಕ್ಕಿದಳು.

"ಬಾಯಲ್ಲ ಕಣಯ್ಯ ಇದು, ಕೋವಿ," ಎಂದರು ಗುರುಮಲ್ಲಯ್ಯ.

ಮತ್ತೆ ಮಾಡುತ್ತಾರೆ ಬಿಡು, ಎಂದುಕೊಂಡು ಗುರುಪಾದಸ್ವಾಮಿ ಎಲೆ ಕಲೆಸಿದರು. ಯಾರೂ ಮಾಡಲಿಲ್ಲ.

ಹೊತ್ತಿಳಿದಾಗ ರಾಚಮ್ಮ ಕಾಫಿಯ ಲೋಟ ತೊಳೆದುಕೊಡಲು ಬಂದಿದ್ದಳು. ಅವಳನ್ನು ಹುಡುಕಿಕೊಂಡು ಬಂದ ಶಿವಮಲ್ಲು ಆ ಜಗಲಿಯ ಮೇಲೆಯೇ ಕುಸಿದ.

"ಸುದಾ ಓಗ್ಬುಟ್ಲು ಕಣತ್ತೆ. ಅವ್ವ ಬರ್ಲಿ ಅವ್ವ ಬರ್ಲಿ ಅಂತ್ಲೇ ಇದ್ಲು. ನರ್ಸಮ್ಮ ಫೋನ್ ಮಾಡುದ್ರೆ ಯಾರೋ ಬಯ್ದು ಮಡುಗ್ಬುಟ್ರಂತೆ."

ರಾಚಮ್ಮ ಗುರುಪಾದಸ್ವಾಮಿಯವರತ್ತ ತಿರುಗಿದಳು. "ಅದು ಮಿಸನ್ನಲ್ವ ಬುದ್ದಿ?"

"ನಾನೂ ಮಿಸನ್ನೇ ಅಂದ್ಕೊಂಡಿದ್ದೆ ಕಣಮ್ಮ."

ಒಳಗೆ ಫೋನು ಬಡಿದುಕೊಂಡಿತು. ಅಂದು ತಡವಾಗಿ ಬಂದ ಮಿಕ್ಸಿಯ ಕರೆ. ಯಾರೂ ಕೂಗದಿದ್ದರೂ ರಾಚಮ್ಮ ಹೋಗಿ ಎರಡೂ ಕೈಗಳಲ್ಲಿ ಎತ್ತಿಕೊಂಡಳು. ಆ ದನಿ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು.

"ತಪ್ಪಾಯ್ತು ಕಣವ್ವ," ಎಂದಳು ಮೆತ್ತಗೆ. "ಇನ್ನೊಂದೀಟು ತಡ್ಕೊ ಅನ್ನಿ ಅವ್ಳಿಗೆ. ಬಸ್ ಅತ್ತುತೀನಿ."

ದನಿ ವಂದನೆ ಹೇಳಿ ಕಡಿದುಹೋಯಿತು. ಗುರುಪಾದಸ್ವಾಮಿ ರಿಸೀವರಿಗೆ ಕೈಚಾಚಿದರು. ಅವಳು ಕೊಡಲಿಲ್ಲ.