ಎಡದಿಂದ ಮೂರನೆಯ ಕಿಟಕಿ

ಬಸ್ಸು ಕಾತ್ರಜದ ಸುರಂಗದೊಳಗೆ ನುಗ್ಗಿದ್ದೇ ತಡ ಗಾಜಿನಲ್ಲಿ ನನ್ನ ಮುಖ, ಐವತ್ತು ದಾಟಿದ ಮುಖ, ದೊಡ್ಡ ಜಾಣನೆಂದು ಮೆರೆದ ಮುಖ — ಆಚೆ ಬಂದರೆ ಬಿಸಿಲು, ಮುಖವಿಲ್ಲ, ಹಾಗೇ ಇಲ್ಲವಾಗಿಬಿಟ್ಟರೆ ಎಷ್ಟು ಚೆನ್ನ. ರವಿವಾರ ಮುಂಜಾನೆ ಎದ್ದು ಎಲ್ಲಿಗೆ ಹೊಂಟ್ರಿ ಅಂದಳು ಭೀಮವ್ವ, ಮೂವತ್ತು ವರ್ಷದಿಂದ ಜೊತೆಗಿರುವ ಹೆಂಡತಿ, ನನ್ನ ಸುಳ್ಳು ಅವಳಿಗೆ ತಿಳಿಯದೆ ಇರುವುದಿಲ್ಲ, ಆದರೂ ಹೇಳಿದೆ, ಭೋರಿನಾಗ ಪಾರ್ಸಲ್ ಒಂದು ತಪ್ಪೇದ, ನೋಡಿ ಬರ್ತೀನಿ. ಅವಳು ಬುತ್ತಿ ಕಟ್ಟಿ ಕೊಟ್ಟಳು. ಬುತ್ತಿ ತೊಡೆಯ ಮೇಲೆ ಬೆಚ್ಚಗಿದೆ, ನನಗೆ ಅನ್ನದ ಮೇಲೆ ಮನಸ್ಸಿಲ್ಲ, ಪಕ್ಕದ ಸೀಟಿನ ಮುದುಕಿ ಮರಾಠಿಯಲ್ಲಿ ಏನೋ ಕೇಳುತ್ತಾಳೆ, ನಸರಾಪುರ ಬಂತೇ ಎಂದು, ಇನ್ನೂ ಇಲ್ಲ ಆಜೀ, ಬಂದಾಗ ನಾನೇ ಹೇಳುತ್ತೇನೆ — ದಾರಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವಲ್ಲ.

ಅದೇ ಹೆಮ್ಮೆ, ಹಾಳು ಹೆಮ್ಮೆ. ಮಾರ್ಕೆಟ್ ಯಾರ್ಡಿನ ಪಾರ್ಸಲ್ ಆಫೀಸಿನಲ್ಲಿ ಹದಿನಾರು ವರ್ಷ ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆದವನು ನಾನು, ನಮ್ಮ ಹಮಾಲರಿಗೆ ಓದು ಬರುವುದಿಲ್ಲ, ಹಾಗಾಗಿ ಒಂದೊಂದು ಅಂಗಡಿಗೆ ಒಂದೊಂದು ಗುರುತು, ದೌಂಡದ ಗುತ್ತಿಯವರಿಗೆ ತ್ರಿಶೂಲ, ಭೋರಿನ ಅಪ್ಪಾಸಾಹೇಬರ ಕಿರಾಣಿ ಅಂಗಡಿಗೆ ಒಂದು ಸೊನ್ನೆ, ಅದರ ಕೆಳಗೆ ಎರಡು ಕಾಲು. ಮಗಳು ರೇಣು ಕಂಪ್ಯೂಟರ್ ಕಲಿಸಿದಳು, ಎರಡು ಸಾವಿರದ ಆರರಲ್ಲಿ, ಅಪ್ಪಾ ಇದ್ರಾಗ ಒಂದು ಈಮೇಲ್ ಗುಂಪು ಅದ, ಊರು ಬಿಟ್ಟು ಬಂದ ನಮ್ಮ ಮಂದಿ, ಫೋಟೋ ಹಾಕ್ತಾರ, ಯಾವೂರಂತ ಗುರ್ತ ಹಿಡೀಬೇಕು. ಅರವತ್ತು ಜನ. ಊರಿನ ಹೆಸರು ಹೇಳಿದರೆ ಸಾಲದು, ಸಾಕ್ಷಿ ಬೇಕು, ಫೋಟೋ ತೆಗೆದವರು ನಿಂತದ್ದು ಎಲ್ಲಿ ಎಂದು ಬರೆದು ತೋರಿಸಬೇಕು, ಆಗ ಮಾತ್ರ ಗೆಲುವು. ಗೆದ್ದರೆ ಏನೂ ಇಲ್ಲ, ಅರವತ್ತು ಜನ ಶಹಬ್ಬಾಸ್ ಎಂದು ಬರೆಯುತ್ತಾರೆ, ಅಷ್ಟೇ, ಆ ಅಷ್ಟಕ್ಕೇ ನಾನು ಊಟದ ವೇಳೆಯೆಲ್ಲ ಆಫೀಸಿನ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದೆ. ಮೈಲಿಗಲ್ಲು, ಗೋಡೆಯ ಸುಣ್ಣ, ಎತ್ತಿನ ಕೊಂಬಿನ ಬಣ್ಣ, ಏನು ಸಿಕ್ಕರೂ ಸಾಕಿತ್ತು ನನಗೆ. ಮುರುಗೆಪ್ಪಣ್ಣಾ ನಿಮ್ಮ ಕಣ್ಣಿಗೊಂದು ಶರಣ್ರೀ ಎಂದು ಬರೆಯುತ್ತಿದ್ದಳು ಹುಲಿಗೆವ್ವ.

ಹುಲಿಗೆವ್ವ ಅವಳ ತಾಯಿಯ ಹೆಸರು. ನಿಜವಾದ ಹೆಸರು ಶಿವಕಾಂತಾ ಎಂದು ನನಗೊಬ್ಬನಿಗೇ ಬೇರೆ ಕಾಗದ ಬರೆದಿದ್ದಳು, ಅಣ್ಣಾರ, ಸೊಲ್ಲಾಪುರದ ಗಂಡನ ಮನಿ ಬಿಟ್ಟು ವರ್ಷ ಆತ್ರಿ, ಅವರು ಕಾಸಿದ ಸೌಟು ಬೆನ್ನಿಗೆ ಇಟ್ಟ ದಿನಾನೇ ಬಿಟ್ಟೆ, ಈಗ ನಾ ಎಲ್ಲಿದ್ದೀನಂತ ಯಾರಿಗೂ ಗೊತ್ತಿಲ್ಲ, ಅದಕ್ಕ ನಿದ್ದಿ ಹತ್ತತದ. ಓದಿದ್ದೆ. ಮರೆತಿರಲಿಲ್ಲ. ಮರೆತಿದ್ದೆ ಎಂದುಕೊಂಡರೆ ಸ್ವಲ್ಪ ಹಗುರವಾಗುತ್ತದೆ, ಆದರೆ ಇಲ್ಲ, ಆ ಶನಿವಾರ ಅವಳ ಫೋಟೋ ಬಂದಾಗಲೂ ನೆನಪಿತ್ತು. ನನ್ನ ಕಿಟಕಿಯಿಂದ ಕಾಣೂದು, ಊರು ಹೇಳ್ರಿ ನೋಡೋಣು, ಎಂದು ಬರೆದಿದ್ದಳು, ಮೊದಲ ಸಲ ತನ್ನದೊಂದು ಕಿಟಕಿ ಸಿಕ್ಕ ಹೆಣ್ಣುಮಗಳ ಹಿಗ್ಗು, ಯಾರಿಗೆ ತಿಳಿದೀತು ಎಂಬ ಧೈರ್ಯ — ಮತ್ತೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ, ಒಂದು ರಸ್ತೆ, ಒಂದು ಅಂಗಡಿ, ನಾಲ್ಕು ಮೂಟೆ, ಬಸ್ಸಿನ ಬಾಲ. ಹಿಂಜವಾಡಿಯ ಕಂಪನಿ ಹುಡುಗ ಕಿಶೋರ ಎರಡು ವಾರದಿಂದ ನನ್ನನ್ನು ಸೋಲಿಸುತ್ತಿದ್ದ, ಆಗಲೇ ಬರೆದುಬಿಟ್ಟಿದ್ದ, ವಾಯಿ ಇರಬಹುದು ಗುರುಗಳೇ, ಕನ್ಫರ್ಮ್ ಮಾಡ್ತೀನಿ, ಫೈವ್ ಮಿನಿಟ್ಸ್. ಗುರುಗಳೇ ಎಂದು ಕಿಚಾಯಿಸುತ್ತಾನೆ ಬೇರೆ. ನಾನು ಫೋಟೋ ದೊಡ್ಡದು ಮಾಡಿದೆ, ಮೂಟೆಯ ಮೇಲೆ ಕೆಂಪು ಸೊನ್ನೆ, ಎರಡು ಕಾಲು, ನನ್ನ ಕೈಬರಹ, ಬಲಗಾಲು ಯಾವಾಗಲೂ ಸ್ವಲ್ಪ ಉದ್ದ. ಒಂದು ಕ್ಷಣ ಕೈ ನಿಂತಿತ್ತು, ನಿಂತದ್ದು ನಿಜ, ಆ ಕ್ಷಣವೇ ನನ್ನನ್ನು ತಿನ್ನುತ್ತಿರುವುದು, ನಿಲ್ಲದಿದ್ದರೆ ತಿಳಿಯದೆ ಮಾಡಿದೆ ಎನ್ನಬಹುದಿತ್ತು. ಆಮೇಲೆ ಬರೆದೆ, ಭೋರ್, ಅಪ್ಪಾಸಾಹೇಬರ ಅಂಗಡಿಯ ಎದುರಿನ ಗಿರಣಿ, ಅದರ ಮೇಲಿನ ಮಾಳಿಗೆ, ಅಂಗಡಿಯ ಬಾಗಿಲು ನೇರಕ್ಕೆ ಕಾಣುವುದರಿಂದ ಎಡದಿಂದ ಮೂರನೆಯ ಕಿಟಕಿ. ಟೆಂಪೋ ಜೊತೆ ಎರಡು ಸಲ ಹೋಗಿದ್ದೆನಲ್ಲ, ಮೆಟ್ಟಿಲು ಗಿರಣಿಯ ಹಿಂದಿದೆ ಎಂಬುದನ್ನೂ ಸೇರಿಸಿದೆ. ಅದನ್ನು ಯಾರು ಕೇಳಿದ್ದರು?

ಕಪೂರಹೋಳದ ಫಾಟಾ, ಭೋರಿನ ದಾರಿ ಒಡೆಯುವ ಕೂಡು, ಬಸ್ಸು ಬಲಕ್ಕೆ ತಿರುಗಿತು, ಮುದುಕಿ ಎಲ್ಲಿ — ಅಯ್ಯೋ, ನಸರಾಪುರ ಹೇಳುವುದೇ ಮರೆತೆ, ಇಳಿದಳೋ ಏನೋ, ಸೀಟು ಖಾಲಿ. ಸೋಮವಾರ ಆಫೀಸಿಗೆ ಹೋದರೆ ಅವಳ ಒಂದೇ ಸಾಲು ಕಾದಿತ್ತು, ಶನಿವಾರವೇ ಬರೆದದ್ದು, ಅಣ್ಣಾರ ಅಳಸ್ರಿ, ಕಾಲು ಬೀಳ್ತೀನಿ ಅಳಸ್ರಿ. ಹೇಗೆ ಅಳಿಸಲಿ, ಅರವತ್ತು ಮನೆಗೆ ಹೋಗಿಯಾಗಿತ್ತು. ನಾನೇನು ಬರೆದೆ? ಹೆದರಬ್ಯಾಡವ್ವ, ಗುಂಪಿನ್ಯಾಗ ಎಲ್ಲಾ ನಮ್ಮವರೇ ಇದ್ದಾರ. ಅವತ್ತೇ ಬಸ್ಸು ಹತ್ತಿದ್ದರೆ, ಎರಡು ತಾಸಿನ ದಾರಿ, ಬಾ ತಂಗೀ ನಮ್ಮ ಮನೆಗೆ ಎಂದಿದ್ದರೆ ಭೀಮವ್ವ ಬೇಡ ಎನ್ನುತ್ತಿದ್ದಳೇ, ಆದರೆ ಮಾರ್ಚ್ ತಿಂಗಳು, ಲೋಡು ಬಹಳ, ಮತ್ತೆ ಸತ್ಯ ಹೇಳಬೇಕೆಂದರೆ ಶಹಬ್ಬಾಸ್‌ಗಳು ಇನ್ನೂ ಬರುತ್ತಿದ್ದವು, ಓದುತ್ತ ಕೂತಿದ್ದೆ. ಗುರುವಾರ ಬಂದದ್ದು ಕೊನೆಯದು, ಈರಣ್ಣ ಎಂಬವನದು, ಹಿಂದೆಂದೂ ಒಂದಕ್ಷರ ಬರೆಯದವನು, ಭಾಳ ಉಪಕಾರ ಆತ್ರಿ ಸಾಹೇಬ್ರ. ಯಾರಪ್ಪ ಇವನು ಎಂದು ಹಿಂದಕ್ಕೆ ಹುಡುಕಿದೆ, ಹುಲಿಗೆವ್ವ ತನ್ನ ತವರೂರಿನ ಬಾವಿಯ ಫೋಟೋ ಹಾಕಿದ ವಾರವೇ ಗುಂಪಿಗೆ ಸೇರಿದ್ದಾನೆ, ಊರು ಸೊಲ್ಲಾಪುರ. 

ಭೋರ್. ಇಳಿದೆ, ಕಾಲಿಗೆ ದಾರಿ ಗೊತ್ತು. ಗಿರಣಿ ನಡೆಯುತ್ತಿದೆ, ಹಿಟ್ಟಿನ ಬಿಸಿ ವಾಸನೆ, ಗಿರಣಿಯ ಹೆಂಗಸು ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡು ನನ್ನನ್ನು ಅಳೆಯುತ್ತಾಳೆ, ಮಾಳಿಗೆಯ ಹುಡುಗಿ ಇದ್ದಾಳೆಯೇ ಎಂದೆ, ಮೇಲಿನ ಹೊಲಿಗೆಯವಳೇ, ನೀವು ಅವಳಿಗೆ ಏನಾಗಬೇಕು, ಮರಾಠಿಯಲ್ಲಿ ಕೇಳುತ್ತಾಳೆ, ಅಣ್ಣ ಎನ್ನಲು ನಾಲಿಗೆ ಏಳಲಿಲ್ಲ, ಗುರುತಿನವನು ಎಂದೆ. ಅವಳು ತಡೆಯಿಲ್ಲದೆ ಹೇಳಿದಳು, ಬುಧವಾರ ಒಯ್ದರು, ಜೀಪಿನಲ್ಲಿ, ಗಂಡನಂತೆ, ಜೊತೆಗೆ ಇಬ್ಬರು, ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡಿದ್ದಳು, ಒಂದೊಂದೇ ಬೆರಳು ಬಿಡಿಸಿದರು, ಗಿರಣಿಯ ಸದ್ದಿಗೆ ನನಗೆ ಮೊದಲು ಕೇಳಲೇ ಇಲ್ಲ, ಕೇಳಿದ್ದರೆ, ಅಣ್ಣಾ, ಕೇಳಿದ್ದರೆ ನಾನು ಬಿಡುತ್ತಿದ್ದೆನೇ. ಮನೆ ಅವರಿಗೆ ಯಾರು ತೋರಿಸಿದರು ಎಂದು ಯಾಕೆ ಕೇಳಿದೆನೋ, ತಿಳಿಯದವನ ಹಾಗೆ. ಯಾರೂ ಇಲ್ಲ ಎಂದಳು, ಅದೇ ಸೋಜಿಗ, ಈ ಊರಿನಲ್ಲಿ ಹೊಸಬರು ಬಂದರೆ ನಾಲ್ಕು ಮನೆ ಕೇಳುತ್ತಾರೆ, ಇವನು ಯಾರನ್ನೂ ಕೇಳಲಿಲ್ಲ, ಕೈಯಲ್ಲೊಂದು ಕಾಗದ, ಈಗ ನೀವು ನಿಂತಿದ್ದೀರಲ್ಲ, ಇಲ್ಲೇ ನಿಂತ, ಓದಿದ, ಬೆರಳು ಎತ್ತಿದ — ಬೆರಳು — ಅವಳ ಬೆರಳುಗಳು ಸರಳಿನ ಮೇಲೆ, ಇವನ ಬೆರಳು ಗಾಳಿಯಲ್ಲಿ, ಎಡದಿಂದ, ಒಂದು, ಎರಡು,