ಶರೀಫಸಾಬರ ಸ್ಕೂಟರ್ ಕೀಲಿಕೈ

ಶರೀಫಸಾಬರು ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಮರೆತು ಉಕ್ಕಿಸಿದರು. ಯಾರ ಮನೆಯ ಹಾಲು ಉಕ್ಕುವುದಿಲ್ಲ ಹೇಳಿ? ಆದರೆ ಉಕ್ಕಿಸಿದವರಿಗೆ ಎಪ್ಪತ್ತು ದಾಟಿದ್ದರಿಂದ ಮಗಳು ಅಬೀದಾಳಿಗೆ ಅದು ರೋಗವಾಗಿ ಕಂಡಿತು. ಬೆಂಗೇರಿಯಿಂದ ಆಟೊ ಹಿಡಿದು ತಂದೆಯನ್ನು ದೇಶಪಾಂಡೆ ನಗರಕ್ಕೆ ಕರೆತಂದಳು. ಅಲ್ಲಿ ಶಿವಯೋಗೀಶ ಎಂಬ ವೈದ್ಯರು ಹೊಸದಾಗಿ ನೆನಪಿನ ದವಾಖಾನೆ ತೆರೆದಿದ್ದರು. ಎಸಿ ಇತ್ತು, ಮೀನಿನ ತೊಟ್ಟಿ ಇತ್ತು, ಗೋಡೆಯ ಮೇಲೆ ಮಿದುಳಿನ ಬಣ್ಣದ ಚಿತ್ರವಿತ್ತು. ಇಷ್ಟೆಲ್ಲ ಇದ್ದ ಮೇಲೆ ರೋಗವೂ ಇರಲೇಬೇಕಲ್ಲ.

ವೈದ್ಯರು ಮೇಜಿನ ಮೇಲೆ ನಾಲ್ಕು ಚಿತ್ರ ಹರಡಿ ಶರೀಫಸಾಬರ ಪಕ್ಕದಲ್ಲೇ ನಿಂತರು: ಕೂಸು, ಹುಡುಗ, ಗಂಡಸು, ಮುದುಕ.

"ಮಾಸ್ತರ್ರ, ಇವನ್ನ ಸರಿಯಾಗಿ ಸಾಲಾಗಿ ಜೋಡಸ್ರಿ ನೋಡೋಣು."

ಶರೀಫಸಾಬರು ಉರ್ದು ಶಾಲೆಯಲ್ಲಿ ಜೀವನವಿಡೀ ಕಪ್ಪು ಹಲಗೆಯ ಬಲತುದಿಯಿಂದ ಬರೆದವರು. ಕೂಸನ್ನು ಬಲಕ್ಕಿಟ್ಟರು. ಹುಡುಗ, ಗಂಡಸು ಎಡಕ್ಕೆ ಸರಿಯುತ್ತ ಹೋದರು. ಎಡತುದಿಗೆ ಮುದುಕ. ಅವರ ಕಣ್ಣಿಗೆ ಕಾಲ ನಡೆಯುವುದೇ ಹಾಗೆ.

ವೈದ್ಯರು ಅಬೀದಾಳತ್ತ ತಿರುಗಿ ದನಿ ತಗ್ಗಿಸಿದರು, ಮುದುಕರಿಗೆ ಕಿವಿಯೂ ಇರುವುದಿಲ್ಲವೆಂಬಂತೆ.

"ನೋಡ್ರಿ ಅಕ್ಕಾರ, ಇವರ ಲೆಕ್ಕದಾಗ ಮುದುಕ ಹೋಗಿ ಕೂಸು ಆಗ್ಯಾನ. ಕಾಲದ ಹಿಡಿತ ತಪ್ಪೇತಿ. ಗಾಡಿ ಕೊಡಬ್ಯಾಡ್ರಿ, ಒಬ್ಬರನ್ನ ಹೊರಗ ಬಿಡಬ್ಯಾಡ್ರಿ."

"ಡಾಕ್ಟರ್ರ, ಅಲ್ಲಿಂದ ಯಾಕ ನೋಡ್ತೀರಿ? ಇಲ್ಲಿಂದ ನೋಡ್ರಿ," ಎಂದು ಶರೀಫಸಾಬರು ಬಲಗಡೆಯ ಕೂಸಿನ ಮೇಲೆ ಬೆರಳಿಟ್ಟರು.

"ವಾದಾ ಮಾಡೂದೂ ಇದರ ಲಕ್ಷಣನ ರಿ," ಎಂದರು ವೈದ್ಯರು.

ಸ್ಕೂಟರಿನ ಕೀಲಿಕೈ ಅಬೀದಾಳ ಕೈಚೀಲ ಸೇರಿತು. ಸಂಜೆ ಚಹಾದಂಗಡಿಗೂ ಮಗಳೇ ಕೈಹಿಡಿದು ಕರೆದೊಯ್ಯುತ್ತಿದ್ದಳು. ಗೆಳೆಯರ ಎದುರಿಗೇ ಚಹಾವನ್ನು ಬಸಿಗೆ ಸುರಿದು, ಆರಿಸಿ ಕೊಡುತ್ತಿದ್ದಳು. ಶರೀಫಸಾಬರಿಗೆ ನಾಚಿಕೆಯಿಂದ ಜೀವ ಹೋದಂತಾಗುತ್ತಿತ್ತು. ವೈದ್ಯರು ಕೊಟ್ಟ ಗುಳಿಗೆಗಳನ್ನೆಲ್ಲ ಸಿಟ್ಟಿನಿಂದ ಮಲ್ಲಿಗೆಯ ಕುಂಡದಲ್ಲಿ ಹೂತರು. ಮಲ್ಲಿಗೆಗೇನೂ ನೆನಪು ಬಂದಂತೆ ಕಾಣಲಿಲ್ಲ.

ತಿಂಗಳ ಬಳಿಕ ಅದೇ ಮೇಜು, ಅದೇ ಚಿತ್ರಗಳು. ವೈದ್ಯರ ಕಣ್ಣು ಯಾವ ಕಡೆಯಿಂದ ಹೊರಡುತ್ತದೆಂದು ಶರೀಫಸಾಬರಿಗೆ ಈಗ ಗೊತ್ತಿತ್ತು. ಕೂಸನ್ನು ಎಡಕ್ಕಿಟ್ಟರು, ಮುದುಕನನ್ನು ಬಲತುದಿಗೆ.

ವೈದ್ಯರು ಮೇಜು ಗುದ್ದಿದರು. "ನೋಡಿದ್ರಿಲ್ಲೊ, ಗುಳಿಗಿ ಹೆಂಗ ಕೆಲಸ ಮಾಡ್ಯಾವ! ಕೀಲಿಕೈ ಕೊಡ್ರಿ ಇನ್ನ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಅಬೀದಾ ಕಣ್ಣೊರೆಸಿಕೊಂಡು ತಂದೆಯ ಅಂಗೈಗೆ ಕೀಲಿಕೈ ಇಟ್ಟಳು. "ಅಬ್ಬಾ, ಈಗ ಎಲ್ಲಾ ಸರಿ ಕಾಣಾಕತ್ತೇತೇನು?"

ಶರೀಫಸಾಬರು ಮೇಜನ್ನು ತಮ್ಮ ರೂಢಿಯಂತೆ ಬಲದಿಂದ ಎಡಕ್ಕೆ ಓದಿದರು. ಮುದುಕ, ಗಂಡಸು, ಹುಡುಗ, ಕೂಸು.

"ಹೌದು ಬೇಟಿ. ಈ ತಿಂಗಳು ನೀವಿಬ್ಬರೂ ಕೂಡಿ ನನಗ ಮಾಡಿದ್ದು ಇದನ್ನ."