ಕುರಿದಾರಿಯ ಅಗಲ

ಮೊದಲ ಗುಣಿ ಎಲ್ಲಿ ತೋಡಬೇಕೆಂಬುದು ಕಸಿಲ್ದಾಳಿಗೆ ಮೂವತ್ತು ವರ್ಷಗಳಿಂದ ಗೊತ್ತಿತ್ತು. ತೋಡಲು ಒಂದು ನೆಪ ಬೇಕಿತ್ತು, ಅಷ್ಟೆ. ಆ ನೆಪ ಸೈಕಲ್ಲಿನ ರೂಪದಲ್ಲಿ ಬಂತು.

ಸ್ಪೇನಿನ ಬಾಲ್ದೆಓಕಾ ಊರಸಭೆಗೆ ಇರುವುದೊಬ್ಬಳೇ ಕೆಲಸದವಳು, ಅವಳೇ ಕಸಿಲ್ದಾ. ಚರಂಡಿ ಬಿಡಿಸುವವಳೂ ಅವಳೇ, ಸ್ಮಶಾನದ ಬೀಗ ತೆಗೆಯುವವಳೂ ಅವಳೇ. ಈಗ ಸೈಕಲ್ ಸವಾರರ ಸುತ್ತುದಾರಿಗೆ ಗುರುತಿನ ಕಂಬ ನೆಡುವ ಕೆಲಸವೂ ಅವಳ ಪಾಲಿಗೆ ಬಂದಿತ್ತು. ಊರ ಚೌಕದಿಂದ ಹೊರಟು, ಎಬ್ರೋ ಹೊಳೆಯ ದಂಡೆ ಹಿಡಿದು, ದ್ರಾಕ್ಷಿತೋಟಗಳ ನಡುವೆ ಹದಿನೆಂಟು ಕಿಲೋಮೀಟರು ಸುತ್ತಿ ಮತ್ತೆ ಚೌಕಕ್ಕೇ ಬಂದು ಸೇರುವ ದಾರಿ. ಏರಿಲ್ಲ, ದಿಣ್ಣೆಯಿಲ್ಲ, ಮಂಡಿನೋವಿನವರೂ ತುಳಿಯಬಹುದು. ಆದರೆ ಸೇತುವೆಗೂ ಸಾಂತಾ ಅನಾ ಚರ್ಚಿಗೂ ನಡುವೆ ಅರ್ಧ ಕಿಲೋಮೀಟರು ಸುತ್ತು ಕಡಿದುಹೋಗುತ್ತಿತ್ತು. ಅಲ್ಲಿದ್ದದ್ದು ಲಾರಿಗಳು ಓಡಾಡುವ ರಸ್ತೆ, ಅದು ಬಿಟ್ಟರೆ ಊರ ಸಾಹುಕಾರ ದೋನ್ ಲೆಯಾಂದ್ರೋ ಉರ್ಬಿಯೋಲಾನ ತೋಟ.

ದೋನ್ ಲೆಯಾಂದ್ರೋ ದೊಡ್ಡ ಮನಸ್ಸು ಮಾಡಿದ. ತೋಟದ ಅಂಚಿನಲ್ಲಿ ಎರಡು ಮೀಟರು ಬಿಡುತ್ತೇನೆ, ಸುತ್ತುದಾರಿಗೆ ನಮ್ಮ ಮನೆತನದ ಹೆಸರಿಡಿ, ಸವಾರರು ನನ್ನ ಅಂಗಳದಲ್ಲಿ ಇಳಿದು ಒಂದು ಲೋಟ ವೈನ್ ಕುಡಿದು ಮುಂದೆ ಹೋಗಲಿ ಎಂದ. ಊರಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕದ್ದ ಮಾಲಿನಲ್ಲಿ ಒಂದು ಚೂರನ್ನು ಕಳ್ಳ ದಾನ ಕೊಟ್ಟರೆ ಊರಿಗೆ ಊರೇ ಕೈಮುಗಿಯುತ್ತದೆ.

ಅದು ಕುರಿದಾರಿಯಾಗಿತ್ತು. ಬೇಸಿಗೆಗೆ ಗುಡ್ಡ ಹತ್ತುವ, ಚಳಿಗೆ ಬಯಲಿಗಿಳಿಯುವ ಮಂದೆಗಳ ದಾರಿ. ಯಾರ ಸ್ವತ್ತೂ ಅಲ್ಲದ, ಎಲ್ಲರದೂ ಆದ ದಾರಿ. ನಲವತ್ತು ವರ್ಷದ ಹಿಂದೆ ಒಂದು ಜನವರಿಯಲ್ಲಿ ಲೆಯಾಂದ್ರೋ ಅದನ್ನು ಉತ್ತು ಎಂಟು ಸಾಲು ಬಳ್ಳಿ ನೆಟ್ಟ. ವಸಂತದಲ್ಲಿ ಕಸಿಲ್ದಾಳ ಅಪ್ಪ ಅನ್ಸೆಲ್ಮೋ ಮುನ್ನೂರು ಕುರಿ ಹೊಡೆದುಕೊಂಡು ತನ್ನಜ್ಜ ನಡೆದ ಹಾದಿಯಲ್ಲೇ ಬಂದ. ಕುರಿಗಳು ಚಿಗುರು ಮೇಯ್ದವು. ಪೊಲೀಸರು ಅವನಿಗೆ ಕೋಳ ತೊಡಿಸಿ, ಜನ ಕಿಕ್ಕಿರಿದ ಚೌಕದ ನಡುವೆಯೇ ನಡೆಸಿಕೊಂಡು ಹೋದರು. ಅಲ್ಲಿ ದಾರಿ ಇರಲೇ ಇಲ್ಲ, ಇವನು ಕಂಡವರ ಬೆಳೆ ಮೇಯಿಸುವ ಕಳ್ಳ ಎಂದು ಲೆಯಾಂದ್ರೋ ಕೋರ್ಟಿನಲ್ಲಿ ಪ್ರಮಾಣ ಮಾಡಿದ. ದಾರಿಯಿದ್ದರೆ ಗಡಿಕಲ್ಲು ಎಲ್ಲಿ ಎಂದರು ನ್ಯಾಯಾಧೀಶರು. ಚರ್ಚಿನ ಕಡೆಯ ಕಲ್ಲು ಆ ಹೊತ್ತಿಗೆ ಮಾಯವಾಗಿತ್ತು; ಸೇತುವೆಯ ಕಡೆಯದೊಂದರಿಂದಲೇ ದಾರಿ ಯಾವ ಕಡೆ ಹೋಗುತ್ತದೆಂದು ತೋರಿಸಲಾಗದು. ಮಂದೆ ಚೆಲ್ಲಾಪಿಲ್ಲಿಯಾಯಿತು. ಒಂಬತ್ತು ವರ್ಷ ಅನ್ಸೆಲ್ಮೋ ಕಳ್ಳನೆಂಬ ಹೆಸರು ಹೊತ್ತು ಆ ಚೌಕ ದಾಟಿದ. ಹತ್ತನೆಯ ವರ್ಷ ದಾಟಲು ಅವನಿರಲಿಲ್ಲ.

ಸಾಯುವ ಮುಂಚೆ ಮಗಳ ಕೈ ಹಿಡಿದು ಕಲ್ಲಿದ್ದ ಜಾಗ ಹೇಳಿದ: ಚರ್ಚಿನ ಮೂಲೆಯಿಂದ ನಲವತ್ತು ಹೆಜ್ಜೆ, ಗಂಟೆಗೋಪುರದ ನೇರಕ್ಕೆ. “ನೀನು ಅಗೀಬೇಡ ಮಗಳೇ. ನೀನೇ ಹೂತಿಟ್ಟೆ ಅಂತಾರೆ. ಅವನ ಕೈಯಲ್ಲೇ ಅಗೆಸು.”

ಕಂಬ ನೆಡುವ ದಿನ ದ್ರಾಕ್ಷಿ ಕೊಯ್ಲು ಮುಗಿದು ವಾರವಾಗಿತ್ತು. ಊರೆಲ್ಲ ಸೇರಿತ್ತು. ಕಸಿಲ್ದಾ ತೋಟದ ತುದಿಯಲ್ಲಿ, ಟ್ರ್ಯಾಕ್ಟರ್ ತಿರುಗಿಸುವ ಗಟ್ಟಿ ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿ, ಗುದ್ದಲಿಯನ್ನು ಲೆಯಾಂದ್ರೋನ ಮುಂದೆ ಚಾಚಿದಳು.

“ಮೊದಲ್ನೇ ಗುಣಿ ನೀವೇ ತೆಗೀಬೇಕು, ದೋನ್ ಲೆಯಾಂದ್ರೋ. ಜಾಗ ಕೊಟ್ಟ ಪುಣ್ಯಾತ್ಮರು ನೀವಲ್ವಾ?”

“ನೋಡ್ರಪ್ಪಾ, ಅನ್ಸೆಲ್ಮೋನ ಮಗಳು ನನ್ನನ್ನ ಪುಣ್ಯಾತ್ಮ ಅಂತಿದಾಳೆ!” ಅವನು ಕೋಟು ಬಿಚ್ಚಿ ಮೇಯರ್ ಬೆಗೋನ್ಯಾಳ ಕೈಗಿತ್ತ. “ಹಳೇದೆಲ್ಲ ಮರೆತೆಯೇನೇ?”

“ನಮ್ಮನೇಲಿ ಮರೆವಿನ ಕಾಯಿಲೆ ಯಾರಿಗೂ ಇಲ್ಲ. ಅಗೀರಿ.”

ನಾಲ್ಕು ಏಟಿಗೆ ಅವನು ಏದುಸಿರು ಬಿಟ್ಟ. “ಅಯ್ಯೋ, ಏನು ನೆಲಾನೋ ಇದು! ನಲವತ್ತು ವರ್ಷದಿಂದ ಯಾವನೂ ಇಲ್ಲಿ ಗುದ್ದಲಿ ಹಾಕಿಲ್ಲ. ಕಬ್ಬಿಣ ಆಗಿದೆ.”

“ಎಲ್ರೂ ಕೇಳಿಸ್ಕೊಂಡ್ರಾ?” ಎಂದಳು ಕಸಿಲ್ದಾ. “ಯಾವನೂ ಗುದ್ದಲಿ ಹಾಕಿಲ್ಲವಂತೆ.”

ಜನ ನಕ್ಕರು. ಅವನೂ ನಕ್ಕ. ಮೊಣಕಾಲುದ್ದ ಇಳಿದ ಮೇಲೆ, “ಸಾಕಲ್ವಾ?” ಎಂದ.

“ಇನ್ನೊಂದು ಗೇಣು. ಕಂಬ ಅಲ್ಲಾಡಬಾರದಲ್ಲ.”

ಗುದ್ದಲಿಗೆ ಏನೋ ತಾಗಿ ಕಿರುಗುಟ್ಟಿತು. ಲೆಯಾಂದ್ರೋ ಹೆಂಚಿನ ಚೂರೊಂದನ್ನು ಎತ್ತಿ ಬದಿಗೆಸೆದ. ಇನ್ನೊಂದನ್ನೂ ಎಸೆದ. ಆಗ ಎವುತಿಮಿಯೋ ಕೋಲೂರಿಕೊಂಡು ಮುಂದೆ ಬಂದ. ಎಂಬತ್ತಾರು ವರ್ಷದ ಮುದುಕ. ಹರೆಯದಲ್ಲಿ ಊರಿನ ಗಡಿಯುದ್ದಕ್ಕೂ ನಡೆದು ಕಲ್ಲು ನಿಲ್ಲಿಸಿದವರಲ್ಲಿ ಉಳಿದವನು ಅವನೊಬ್ಬನೇ.

“ಎಸೀಬೇಡ್ವೋ ಮುಟ್ಠಾಳ! ಕೆಳಗೆ ಮೂರನೇದಿದೆ, ತೆಗಿ ಅದನ್ನ.”

ಮೂರನೆಯದೂ ಇತ್ತು. ಮುದುಕ ನೆಲದಲ್ಲಿ ಕೂತು, ಅಂಗಿಯಿಂದ ಮಣ್ಣೊರೆಸಿ ಒಂದಕ್ಕೊಂದು ಜೋಡಿಸಿದ. ಮುರಿದ ಅಂಚುಗಳು ಕೂದಲೆಳೆ ಸಂದಿಲ್ಲದೆ ಕೂಡಿ ಇಡೀ ಹೆಂಚಾಯಿತು. ಯಾರೂ ನಗಲಿಲ್ಲ.

“ಇವಕ್ಕೆ ಸಾಕ್ಷಿಗಳು ಅಂತೀವಿ,” ಅವನು ಮೇಯರಿಗೆ ಹೇಳಿದ. “ಗಡಿಕಲ್ಲು ನಿಲ್ಸೋವಾಗ ಒಂದು ಹೆಂಚು ಒಡೆದು ಅಡಿಗೆ ಹೂಳ್ತಿದ್ವಿ ತಾಯಿ. ಕಲ್ಲು ಕೀಳೋನಿಗೆ ಅದು ಗೊತ್ತಿರಲ್ಲ. ಕಲ್ಲು ಹೋದ್ರೂ ಜಾಗ ಇಲ್ಲೇ ಅಂತ ಇವು ಹೇಳ್ತವೆ.”

“ಹಾಗಾದ್ರೆ ಕಲ್ಲೆಲ್ಲಿ?” ಎಂದಳು ಬೆಗೋನ್ಯಾ.

“ಇವರ ಅಂಗಳದಲ್ಲಿ,” ಎಂದಳು ಕಸಿಲ್ದಾ. “ರೋಮನ್ನರ ಕಾಲದ್ದು ಅಂತ ಹೇಳಿ ಅದರ ಮೇಲೆ ಲೋಟ ಇಟ್ಟು ನಿಮಗೆಲ್ಲ ಕುಡಿಸ್ತಾರಲ್ಲ, ಅದೇ.”

ಲೆಯಾಂದ್ರೋ ಗುಣಿಯೊಳಗೇ ನಿಂತಿದ್ದ. ಕೈ ಕೊಟ್ಟು ಅವನನ್ನು ಮೇಲೆತ್ತಲು ಯಾರೂ ಮುಂದಾಗಲಿಲ್ಲ.

ಚಳಿಗಾಲದಲ್ಲಿ ಸರ್ಕಾರದ ಅಳತೆಯವರು ಬಂದರು. ಸೇತುವೆಯ ಬಳಿ ಇನ್ನೂ ನಿಂತಿದ್ದ ಕಲ್ಲಿನಿಂದ ಈ ಗುಣಿಗೆ ಹಗ್ಗ ಎಳೆದರು. ಎಷ್ಟು ವರ್ಷ ಉತ್ತುಂಡರೂ ಕುರಿದಾರಿ ಯಾರ ಆಸ್ತಿಯೂ ಆಗದೆಂದು ಕಾಗದದಲ್ಲಿ ಬರೆದುಕೊಟ್ಟರು. ಎಂಟು ಸಾಲೂ ದಾರಿಯ ಮೇಲಿದ್ದವು.

ಬೆಗೋನ್ಯಾ ಕಸಿಲ್ದಾಳ ಅಡುಗೆಮನೆಗೇ ಬಂದಳು. “ಸೈಕಲ್ಲಿಗೆ ಎರಡು ಮೀಟರು ಸಾಕು ಕಣೇ. ನಲವತ್ತು ವರ್ಷದ ಬಳ್ಳಿ, ಕೀಳಿಸ್ಬೇಡ. ಪಾಪ, ಮುದುಕ.”

“ಕುರಿದಾರಿ ಅಗಲ ಇಪ್ಪತ್ತು ಮೀಟರು.”

“ಈಗ ಕುರಿ ಎಲ್ಲಿದಾವೆ ಮಾರಾಯ್ತಿ?”

“ಅದನ್ನ ಅವನನ್ನ ಕೇಳು. ನಮ್ಮಪ್ಪನ ಕೈಗೆ ಕೋಳ ಹಾಕಿದಾಗ ಪಾಪ ಅಂದಿದ್ಯಾರು? ನೀವು ಊರಸಭೆಯವರು ಎರಡು ಮೀಟರಿಗೆ ರುಜು ಹಾಕಿ, ನಾನು ಇದೇ ಕಾಗದ ತಗೊಂಡು ಕೋರ್ಟಿಗೆ ಹೋಗ್ತೀನಿ.”

ಬಳ್ಳಿ ಕಿತ್ತರು. ಆರು ದಿನ ಹಿಡಿಯಿತು. ಆರು ದಿನವೂ ಕಸಿಲ್ದಾ ಕಟ್ಟೆಯ ಮೇಲೆ ಕೂತು ನೋಡಿದಳು. ಒಂದೊಂದು ಬುಡ ಕಿತ್ತುಬಂದಾಗಲೂ ಅವಳ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು, ಮತ್ತೂ ಬೇಕು ಅನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಸುತ್ತುದಾರಿ ತೆರೆಯಿತು. ಕಸಿಲ್ದಾ ಇಪ್ಪತ್ತು ಮೀಟರಿನ ನಟ್ಟನಡುವೆ ಆ ಬಳ್ಳಿಬುಡಗಳನ್ನೇ ಒಟ್ಟಿ ಬೆಂಕಿ ಹಾಕಿ, ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಸುಡುತ್ತಿದ್ದಳು. ಸವಾರರು ಇಳಿದಿಳಿದು ಬೆರಳು ಚೀಪಿಕೊಂಡು ತಿನ್ನುತ್ತಿದ್ದರು. ಹೊಗೆ ನೇರ ಲೆಯಾಂದ್ರೋನ ಕಿಟಕಿಗೆ ಹೊಡೆಯುತ್ತಿತ್ತು. ಕೊನೆಗೆ ಅವನೇ ಬಂದ.

“ನನ್ನ ಬಳ್ಳಿ ಅವು, ಕಸಿಲ್ದಾ.”

“ದಾರಿ ಮೇಲೆ ಬೆಳೆದದ್ದು ದಾರಿದು.”

ಅವನು ದನಿ ತಗ್ಗಿಸಿದ. “ನಾನು ಹೋದ್ರೆ ಹೋಟ್ಲಲ್ಲಿ ಇಸ್ಪೀಟು ಮಡಚಿ ಎದ್ದು ಹೋಗ್ತಾರೆ. ನೀನೊಂದು ಮಾತು ಹೇಳಿದ್ರೆ ನನ್ನ ಜೊತೆ ಕೂರ್ತಾರೆ. ನಂಗೆ ವಯಸ್ಸಾಯ್ತು ಕಣಮ್ಮ.”

ಅವಳು ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದಳು. “ಕೋರ್ಟಲ್ಲಿ ಆಡಿದ ಬಾಯಲ್ಲೇ ಇಲ್ಲಿ ಆಡು. ನನ್ನಪ್ಪ ಯಾರು, ನೀನ್ಯಾರು, ಹೇಳು.”

ಅವನು ನೆಲ ನೋಡಿಕೊಂಡು ಗೊಣಗಿದ.

“ಕೇಳಿಸ್ಲಿಲ್ಲ.”

“ಅನ್ಸೆಲ್ಮೋ ಕಳ್ಳ ಅಲ್ಲ,” ಎಂದ ಲೆಯಾಂದ್ರೋ, ಗಟ್ಟಿಯಾಗಿ. ತಿನ್ನುತ್ತಿದ್ದವರ ಕೈ ನಿಂತಿತು. “ದಾರಿ ಇತ್ತು. ಕಲ್ಲು ಕಿತ್ತೋನು ನಾನು.”

“ಸಾಕು ಬಿಡೇ,” ಎಂದ ಎವುತಿಮಿಯೋ. “ಹೇಳಿದ್ನಲ್ಲ.”

ಕಸಿಲ್ದಾ ಪಕ್ಕೆಲುಬುಗಳನ್ನು ಒಂದೊಂದಾಗಿ ಮಗುಚಿ ಹಾಕಿದಳು. “ನಮ್ಮಪ್ಪ ಒಂಬತ್ತು ವರ್ಷ ಹೊತ್ತ. ಇವನು ಒಂದು ಸಲ ಹೇಳಿದ್ರೆ ಸಾಕಾ?”

“ದಿನಾ ಬರ್ಬೇಕಾ?” ಎಂದ ಲೆಯಾಂದ್ರೋ. ಅವನ ದನಿಯಲ್ಲಿ ಸೊಕ್ಕಿನ ಚೂರೂ ಉಳಿದಿರಲಿಲ್ಲ.

“ಭಾನುವಾರ ಬಂದ್ರೆ ಸಾಕು,” ಎಂದಳು ಅವಳು. “ಅವತ್ತು ಸೈಕಲ್ಲಿನವರು ಜಾಸ್ತಿ.”